ಕಪ್ಪು ಪರದೆ ಕಣ್ಣಿಗೆ ಹಿತವೇ?

ಪ್ರಶ್ನೆ: ಈಚೆಗೆ ಎಷ್ಟೋ ಜಾಲತಾಣಗಳಲ್ಲಿ ಕಪ್ಪು ಹಿನ್ನೆಲೆಯ ‘ಡಾರ್ಕ್ ಮೋಡ್’ ಕಾಣುತ್ತಿದೆ. ಇದರಿಂದ ಬ್ಯಾಟರಿ ಉಳಿಯುತ್ತದೆಯೇ? ಕಣ್ಣಿಗೆ ಒಳ್ಳೆಯದೇ?

ಉತ್ತರ: ಬ್ಯಾಟರಿ ಉಳಿಯುವುದು ನಿಮ್ಮ ಪರದೆ ಎಂಥದು ಎಂಬುದರ ಮೇಲೆ. ಓಎಲ್‌ಇಡಿ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಅಚ್ಚ ಕಪ್ಪು ಎಂದರೆ ಆ ಚುಕ್ಕೆ ಆರಿದೆ ಎಂದೇ ಅರ್ಥ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುವುದರಿಂದ ಉಳಿತಾಯ ಅಷ್ಟಕ್ಕಷ್ಟೆ. 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಓಎಸ್ 13 ಡಾರ್ಕ್ ಮೋಡನ್ನು ಇಡೀ ಫೋನಿಗೇ ತಂದವು.

ಕಣ್ಣಿನ ವಿಷಯ ಬೇರೆ. ಕತ್ತಲ ಕೋಣೆಯಲ್ಲಿ ಕಪ್ಪು ಪರದೆ ಹಿತವೇ ಸರಿ. ಆದರೆ ಹಗಲಿನಲ್ಲಿ ಉದ್ದ ಬರಹ ಓದಲು ಬಿಳಿಯ ಮೇಲಿನ ಕಪ್ಪಕ್ಷರವೇ ಮೇಲು. ಕಪ್ಪು ಪರದೆ ನೋಡುವಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಅಕ್ಷರದ ಅಂಚು ಮಸುಕಾಗುತ್ತದೆ. ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಇರುವ ಹಲವರಿಗೆ ಬಿಳಿ ಅಕ್ಷರದ ಸುತ್ತ ಬೆಳಕು ಹರಡಿದಂತೆ ಕಾಣುತ್ತದೆ. ನಮ್ಮ ಒತ್ತಕ್ಷರಗಳಂತೂ ಮೊದಲೇ ಚಿಕ್ಕವು. ‘ರಾಷ್ಟ್ರ’ ಎಂದು ಬರೆದರೆ ಕೆಳಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಕನ್ನಡ ಜಾಲತಾಣ ಕಟ್ಟುವವರಲ್ಲಿ ನನ್ನ ಕೋರಿಕೆ: ಅಚ್ಚ ಕಪ್ಪಿನ ಬದಲು ಗಾಢ ಬೂದು ಬಳಸಿ, ಅಕ್ಷರ ಒಂದಿಷ್ಟು ದೊಡ್ಡದಾಗಿಡಿ, ಬಣ್ಣ ಬದಲಿಸುವ ಗುಂಡಿಯನ್ನು ಓದುಗರ ಕೈಗೇ ಕೊಡಿ.