ವೈದ್ಯರ ಮಾತು, ರೋಗಿಯ ಮೈ

ವೈದ್ಯಶಾಸ್ತ್ರಕ್ಕೆ ಕಾಲಿಡುವ ವಿದ್ಯಾರ್ಥಿಯನ್ನು ಹೆಣಕ್ಕಿಂತ ಹೆಸರುಗಳೇ ಹೆಚ್ಚು ಅಂಜಿಸುತ್ತವೆಯೆಂದು ಕೇಳಿದ್ದೇನೆ. ಆದರೆ ಆ ಗ್ರೀಕ್, ಲ್ಯಾಟಿನ್ ಪದಗಳನ್ನು ನಾವು ತರಗತಿಯಲ್ಲಿ ಸಮಾಸವನ್ನು ಬಿಡಿಸುವಂತೆ ಬಿಡಿಸಿದರೆ ಅರ್ಥ ತಾನಾಗಿ ಹೊರಬೀಳುತ್ತದೆ. 'ಹೆಪಟೈಟಿಸ್' ಎಂಬಲ್ಲಿ ಮೊದಲ ಭಾಗ ಯಕೃತ್ತು, ಕೊನೆಯದು ಉರಿಯೂತ. ಇಷ್ಟನ್ನು ಅರಿತವನಿಗೆ 'ಗ್ಯಾಸ್ಟ್ರೈಟಿಸ್' ಜಠರದ ಉರಿಯೂತವೆಂದು ತಿಳಿಯಲು ತಡವಾಗದು. ಗ್ರೀಕಿನ ಆ ಪ್ರತ್ಯಯ ಮೂಲದಲ್ಲಿ 'ಸಂಬಂಧಪಟ್ಟುದು' ಎಂದಷ್ಟೇ ಹೇಳುತ್ತಿತ್ತು. ನಮ್ಮ ಪದವಾದರೋ ಉರಿಯನ್ನೂ ಊತವನ್ನೂ ಒಟ್ಟಿಗೇ ಕಾಣಿಸುತ್ತದೆ. ರೋಮಿನ ಸೆಲ್ಸಸ್ 1ನೆಯ ಶತಮಾನದಲ್ಲಿ ಹೇಳಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡು ಇದರಲ್ಲೇ ಇವೆ.

'ಮಸಲ್' ಎಂಬುದರ ಲ್ಯಾಟಿನ್ ಮೂಲಕ್ಕೆ ಚಿಕ್ಕ ಇಲಿಯೆಂದರ್ಥ. ಕಾಲಿನ ಹಿಂಭಾಗದ ಮಾಂಸದಲ್ಲಿ ಕನ್ನಡಿಗ ಮೀನನ್ನು ಕಂಡು ಮೀನಖಂಡವೆಂದ. (ಇಲಿಗಿಂತ ಮೀನು ವಾಸಿ!)

'ಧಮನಿ'ಯ ಕಥೆ ಇನ್ನೂ ಸೊಗಸು. ಅದರ ಸಂಸ್ಕೃತ ಧಾತುವಿಗೆ ಊದುವುದೆಂದರ್ಥ. 'ಆರ್ಟರಿ'ಯ ಮೂಲವಾದ ಗ್ರೀಕ್ ಪದವೂ ಉಸಿರ್ಗೊಳವೆಗೆ ಸಲ್ಲುತ್ತಿತ್ತು. ಹೆಣದಲ್ಲಿ ಈ ನಾಳಗಳು ಬಹುಮಟ್ಟಿಗೆ ಬರಿದಾಗಿ ಕಾಣುವುದರಿಂದಲೋ ಏನೋ, ಗ್ರೀಕ್ ವೈದ್ಯ ಎರಾಸಿಸ್ಟ್ರಾಟಸ್ ಅವುಗಳಲ್ಲಿ ಗಾಳಿಯಿದೆಯೆಂದು ಬಗೆದ. 2ನೆಯ ಶತಮಾನದಲ್ಲಿ ಗೇಲನ್ ಅಲ್ಲಿರುವುದು ರಕ್ತವೆಂದು ತೋರಿಸಿದ. 1628ರಲ್ಲಿ ಹಾರ್ವೆ ರಕ್ತದ ಪರಿಚಲನೆಯನ್ನು ವಿವರಿಸಿದ. ಹೆಸರುಗಳು ಮಾತ್ರ ಹಾಗೆಯೇ ಉಳಿದುವು.

ಕಾಲೇಜುಗಳಲ್ಲಿ ವೈದ್ಯಬೋಧನೆ ಇಂಗ್ಲಿಷಿನಲ್ಲಿ ನಡೆಯಲಿ, ಬೇಡವೆನ್ನೆ. ಆದರೆ ರೋಗಿಯ ಮಂಚದ ಬಳಿ 'ಹೆಪಟೈಟಿಸ್' ಎಂದಷ್ಟೇ ನುಡಿದು ಮುಂದೆ ಸಾಗಿದರೆ ಅವನಿಗೆ ಉಳಿಯುವುದು ಅಂಜಿಕೆಯೊಂದೇ. 'ಬಲಗಡೆ, ಪಕ್ಕೆಲುಬಿನ ಮರೆಯಲ್ಲಿ ಪಿತ್ತವನ್ನು ಮಾಡುವ ಅಂಗ ಊದಿಕೊಂಡಿದೆ' ಎಂದರೆ, ಆತ ಕೈಯಿಟ್ಟು 'ಇಲ್ಲೇ ಸ್ವಾಮಿ, ರಾತ್ರಿಯೆಲ್ಲ ಇಲ್ಲೇ ನೋವು' ಎಂದಾನು.