ಹುಲ್ಲು ಯಂತ್ರದ ಓಟವೂ ಎಂಜಿನಿನ ಮೂಗುದಾರವೂ



ಉಳುವ ಎತ್ತನ್ನು ಹಬ್ಬದ ದಿನ ಓಟಕ್ಕೆ ಕಟ್ಟುವುದು ನಮಗೆ ಹೊಸತಲ್ಲ. ಬಯಲು ಸೀಮೆಯಲ್ಲಿ ಎತ್ತಿನ ಗಾಡಿಯ ಓಟವಿದೆ, ಕರಾವಳಿಯಲ್ಲಿ ಕೋಣಗಳ ಕಂಬಳವಿದೆ. ದುಡಿಮೆಯ ಸಂಗಾತಿಯನ್ನು ಒಂದು ದಿನ ಆಟಕ್ಕೆ ಇಳಿಸಿ, ಅದರ ಕಸುವು ಕಂಡು ಹಿಗ್ಗುವುದು ರೈತನ ಸ್ವಭಾವ. ಇಂಗ್ಲೆಂಡ್ ಮತ್ತು ಅಮೆರಿಕದ ಹಳ್ಳಿಗಳಲ್ಲಿ ಎತ್ತು ಕುದುರೆಗಳ ಜಾಗಕ್ಕೆ ಯಂತ್ರ ಬಂದು ಬಹಳ ಕಾಲವಾಯಿತು. ಅಲ್ಲಿನ ಕೆಲವರು ಓಟಕ್ಕೆ ಇಳಿಸುವುದು ಹುಲ್ಲು ಕತ್ತರಿಸುವ ಯಂತ್ರವನ್ನು!

ಇದರಿಂದ ನಮಗೇನು ಪ್ರಯೋಜನ ಎಂದು ವಾಚಕರು ಕೇಳಬಹುದು. ಆ ಯಂತ್ರದಲ್ಲಿರುವುದು ನಮ್ಮ ಹೊತ್ತೊಯ್ಯುವ ಪಂಪ್‌ಸೆಟ್ಟು, ಕಳೆ ತೆಗೆಯುವ ಯಂತ್ರ, ಔಷಧಿ ಸಿಂಪಡಿಸುವ ಯಂತ್ರಗಳಲ್ಲಿರುವಂಥ ಸಣ್ಣ ಎಂಜಿನ್. ಅದನ್ನು ವೇಗವಾಗಿ ಓಡಿಸಲು ಹೋದವರು ಯಾವ ಭಾಗ ಎಲ್ಲಿ ಮುರಿಯುತ್ತದೆ ಎಂಬುದನ್ನು ಕಲಿತಿದ್ದಾರೆ. ಆ ಪಾಠ ನಮಗೆ ಪುಕ್ಕಟೆಯಾಗಿ ಸಿಗುವಾಗ ಬಿಡುವುದೇಕೆ?

ಓಟ ಹುಟ್ಟಿದ ಬಗೆ

ಹುಲ್ಲು ಕತ್ತರಿಸುವ ಯಂತ್ರವನ್ನು 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ ರೂಪಿಸಿದ. ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲೆದ್ದ ಎಳೆಗಳನ್ನು ಸವರುವ ಯಂತ್ರವೇ ಅವನಿಗೆ ಮಾದರಿಯಾಯಿತು. ಕೈಯಿಂದ ತಳ್ಳುವ ಆ ಯಂತ್ರಕ್ಕೆ ಮುಂದೆ ಪೆಟ್ರೋಲ್ ಎಂಜಿನ್ ಬಂತು. ಮೇಲೆ ಕುಳಿತು ಓಡಿಸುವ ಪುಟ್ಟ ಟ್ರ್ಯಾಕ್ಟರಿನಂಥ ಮಾದರಿಗಳೂ ಬಂದವು.

ಅಮೆರಿಕದ ಇಂಡಿಯಾನಾ ರಾಜ್ಯದ ಟ್ವೆಲ್ವ್ ಮೈಲ್ ಎಂಬ ಹಳ್ಳಿಯಲ್ಲಿ 1963ರಿಂದ ಜುಲೈ 4ರ ಸ್ವಾತಂತ್ರ್ಯ ದಿನದಂದು ಈ ಓಟ ನಡೆದುಬಂದಿದೆ. ಇಂಗ್ಲೆಂಡಿನಲ್ಲಿ ಇದು ಸಂಘಟಿತವಾದುದು 1973ರಲ್ಲಿ. ವೆಸ್ಟ್ ಸಸೆಕ್ಸ್ ಪ್ರಾಂತ್ಯದ ವಿಸ್ಬರೋ ಗ್ರೀನ್ ಹಳ್ಳಿಯ ಪಾನಗೃಹವೊಂದರಲ್ಲಿ ಜಿಮ್ ಗ್ಯಾವಿನ್ ಮತ್ತು ಗೆಳೆಯರು ಕುಳಿತಿದ್ದರು. ಮೋಟಾರು ಪಂದ್ಯಗಳು ಹಣವಂತರ ಪಾಲಾದವಲ್ಲ ಎಂಬುದು ಅವರ ಚಿಂತೆ. ಎದುರಿನ ಮೈದಾನದಲ್ಲಿ ಒಬ್ಬಾತ ಹುಲ್ಲು ಕತ್ತರಿಸುತ್ತಿದ್ದ. ‘ಈ ಯಂತ್ರ ಎಲ್ಲರ ಮನೆಯ ಕೊಟ್ಟಿಗೆಯಲ್ಲೂ ಇದೆಯಲ್ಲ’ ಎಂದು ಅವರಿಗೆ ಹೊಳೆಯಿತು. ಹೀಗೆ ಸಂಘ ಹುಟ್ಟಿತು.

ಆ ಸಂಘದ ನಿಯಮಗಳು ಸರಳ. ಹಣದ ಬಹುಮಾನವಿಲ್ಲ, ಕಂಪನಿಗಳ ಪ್ರಾಯೋಜನೆ ಇಲ್ಲ, ಉಳಿದ ಹಣ ದಾನಕ್ಕೆ. ಕತ್ತರಿಸುವ ಅಲಗುಗಳನ್ನು ಮೊದಲೇ ಕಳಚಬೇಕು. ಎಂಜಿನನ್ನು ಮಾರ್ಪಡಿಸಕೂಡದು. ರಾತ್ರಿಯಿಡೀ ನಡೆಯುವ 12 ಗಂಟೆಗಳ ಓಟವೂ ಅಲ್ಲಿ ಉಂಟು. ಕಾರು ಪಂದ್ಯದಲ್ಲಿ ಜಗತ್ಪ್ರಸಿದ್ಧರಾದ ಸ್ಟರ್ಲಿಂಗ್ ಮಾಸ್ ಕೂಡ ಅದರಲ್ಲಿ ಓಡಿಸಿ ಗೆದ್ದಿದ್ದರು. ಅಮೆರಿಕದಲ್ಲಿ 1992ರಲ್ಲಿ ಬೇರೊಂದು ಸಂಘವಾಯಿತು. ಅಲ್ಲಿ ಕಾರ್ಖಾನೆಯಿಂದ ಬಂದಂತೆಯೇ ಓಡಿಸುವ ವರ್ಗದಿಂದ ಹಿಡಿದು, ಎಂಜಿನಿನ ಒಳಗನ್ನೆಲ್ಲ ಬದಲಿಸಿದ ವರ್ಗದವರೆಗೆ ಹಲವು ವರ್ಗಗಳಿವೆ. ಹುಲ್ಲು ಕತ್ತರಿಸುವಾಗ ಗಂಟೆಗೆ ಸುಮಾರು 8 ಕಿಲೋಮೀಟರ್ ಸಾಗುವ ಯಂತ್ರ ಓಟದಲ್ಲಿ 80 ಕಿಲೋಮೀಟರ್ ಮುಟ್ಟುವುದೂ ಉಂಟು.

ಗವರ್ನರ್ ಎಂಬ ಮೂಗುದಾರ

ಸಾಮಾನ್ಯವಾಗಿ ಈ ಎಂಜಿನುಗಳ ಗರಿಷ್ಠ ವೇಗವನ್ನು ನಿಮಿಷಕ್ಕೆ 3600 ಸುತ್ತು, ಅಂದರೆ ಸೆಕೆಂಡಿಗೆ 60 ಸುತ್ತಿನ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸುವುದು ಗವರ್ನರ್. ಒಂದು ಸ್ಪ್ರಿಂಗು ಕಾರ್ಬುರೇಟರಿನ ಬಾಗಿಲನ್ನು ತೆರೆಯಲು ಎಳೆಯುತ್ತಿರುತ್ತದೆ. ಎಂಜಿನಿನ ಜೊತೆ ತಿರುಗುವ ಪುಟ್ಟ ಗುಂಡುಗಳು ವೇಗ ಹೆಚ್ಚಿದಂತೆ ಹೊರಕ್ಕೆ ಚಿಮ್ಮಿ ಆ ಬಾಗಿಲನ್ನು ಮುಚ್ಚುತ್ತವೆ. ಕೆಲವು ಮಾದರಿಗಳಲ್ಲಿ ಗುಂಡುಗಳ ಬದಲು ಗಾಳಿಯಿಂದ ಚಲಿಸುವ ತಗಡು ಇರುತ್ತದೆ. ಹೊರೆ ಬಿದ್ದಾಗ ಬಾಗಿಲು ತಾನಾಗಿ ತೆರೆಯುತ್ತದೆ, ಹೊರೆ ಇಳಿದಾಗ ತಾನಾಗಿ ಮುಚ್ಚುತ್ತದೆ. ಎತ್ತಿಗೆ ಮೂಗುದಾರ ಹೇಗೋ ಎಂಜಿನಿಗೆ ಇದು ಹಾಗೆ.

ವೇಗ ಇಮ್ಮಡಿಯಾದರೆ ಒಳಗಿನ ಎಳೆತವೂ ಇಮ್ಮಡಿಯಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಇದು ತಪ್ಪು. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. 20 ಸೆಂಟಿಮೀಟರ್ ಅಡ್ಡಳತೆಯ ಫ್ಲೈವೀಲಿನ ಅಂಚಿನಲ್ಲಿ 10 ಗ್ರಾಂ ತೂಕದ ತುಣುಕು ಇದೆಯೆನ್ನಿ. 3600 ಸುತ್ತಿನಲ್ಲಿ ಅದು ಸುಮಾರು ಹದಿನಾಲ್ಕೂವರೆ ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. 7200 ಸುತ್ತಿನಲ್ಲಿ ಆ ಎಳೆತ 58 ಕಿಲೋ, ಅಂದರೆ ಒಂದು ದೊಡ್ಡ ಧಾನ್ಯದ ಚೀಲದಷ್ಟು! ಎರಕದ ಫ್ಲೈವೀಲಿನಲ್ಲಿ ಕಣ್ಣಿಗೆ ಕಾಣದ ಒಂದು ಬಿರುಕಿದ್ದರೂ ಅದು ಸಿಡಿಯುತ್ತದೆ. ತುಂಡುಗಳು ತಗಡಿನ ಮುಚ್ಚಳವನ್ನು ಹರಿದು ಹೊರಬರಬಲ್ಲವು.

ಕನೆಕ್ಟಿಂಗ್ ರಾಡಿನ ಸ್ಥಿತಿಯೂ ಇದೇ. ಮೇಲಕ್ಕೆ ಹಾರಿದ ಪಿಸ್ಟನ್ನನ್ನು ಸೆಕೆಂಡಿಗೆ 60 ಸಲ ಹಿಡಿದು ನಿಲ್ಲಿಸಿ ಕೆಳಕ್ಕೆ ಎಳೆಯುವುದು ಅದರ ಕೆಲಸ. ಬಹಳಷ್ಟು ಸಣ್ಣ ಎಂಜಿನುಗಳಲ್ಲಿ ಈ ರಾಡು ಅಲ್ಯೂಮಿನಿಯಂನದು. ನಿಗದಿಯಾದ ವೇಗಕ್ಕೆ ಅದು ಧಾರಾಳವಾಗಿ ಸಾಕು, ಅದರಾಚೆಗೆ ಸಾಲದು.

ಪಂದ್ಯದವರು ಹಿಡಿಯುವ ಕ್ರಮ

ಎಂಜಿನ್ ಮಾರ್ಪಡಿಸುವ ವರ್ಗದಲ್ಲಿ ತಿಳಿದವರು ಮೊದಲು ಗವರ್ನರಿಗೆ ಕೈಹಾಕುವುದಿಲ್ಲ. ಮೊದಲು ಅಲಗು ಕಳಚುತ್ತಾರೆ. ಚಾಲಕ ಬಿದ್ದರೆ ಎಂಜಿನ್ ತಾನೇ ಆರುವಂತೆ ಅವನ ಮೈಗೊಂದು ದಾರ ಕಟ್ಟಿ ಸ್ವಿಚ್ಚಿಗೆ ಜೋಡಿಸುತ್ತಾರೆ. ಯಂತ್ರವನ್ನು ನೆಲಕ್ಕೆ ತಗ್ಗಿಸಿ, ಬ್ರೇಕು ಮತ್ತು ಸ್ಟಿಯರಿಂಗನ್ನು ಬಲಪಡಿಸುತ್ತಾರೆ.

ಆಮೇಲೆ ಎಂಜಿನ್ ಬಿಚ್ಚುತ್ತಾರೆ. ಎರಕದ ಫ್ಲೈವೀಲನ್ನು ತೆಗೆದು, ಗಟ್ಟಿ ಅಲ್ಯೂಮಿನಿಯಂ ತುಂಡಿನಿಂದ ಲೇತಿನಲ್ಲಿ ಕಡೆದದ್ದನ್ನು ಹಾಕುತ್ತಾರೆ. ಕನೆಕ್ಟಿಂಗ್ ರಾಡನ್ನು ಅದೇ ಬಗೆಯ ಗಟ್ಟಿ ರಾಡಿಗೆ ಬದಲಿಸುತ್ತಾರೆ. ಹೆಚ್ಚು ವೇಗದಲ್ಲಿ ಹಳೆಯ ಸ್ಪ್ರಿಂಗುಗಳು ವಾಲ್ವನ್ನು ಹೊತ್ತಿಗೆ ಸರಿಯಾಗಿ ಮುಚ್ಚಲಾರವಾದ್ದರಿಂದ ಬಿಗಿಯಾದ ಸ್ಪ್ರಿಂಗು ಹಾಕುತ್ತಾರೆ. ಇಷ್ಟಾದ ನಂತರ ಎಂಜಿನಿನ ಉಸಿರಾಟದ ಕಡೆ ಗಮನ. ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್, ನುಣುಪು ಮಾಡಿದ ಗಾಳಿದಾರಿ, ದೊಡ್ಡ ಕಾರ್ಬುರೇಟರ್ ಬರುತ್ತವೆ. ಪೆಟ್ರೋಲಿನ ಬದಲು ಮೆಥನಾಲ್ ಸುಡುವುದಾದರೆ ಇಂಧನ ಎರಡು ಪಟ್ಟಿಗೂ ಹೆಚ್ಚು ಬೇಕಾಗುತ್ತದೆ. ಅದಕ್ಕೆ ತಕ್ಕಂತೆ ಜೆಟ್ಟಿನ ತೂತು ಹಿಗ್ಗಬೇಕು.

ಎಣ್ಣೆಯ ವಿಚಾರವನ್ನೂ ಅವರು ಮರೆಯರು. ಸಣ್ಣ ಎಂಜಿನುಗಳಲ್ಲಿ ಎಣ್ಣೆಯನ್ನು ಒತ್ತುವ ಪಂಪು ಸಾಮಾನ್ಯವಾಗಿ ಇರುವುದಿಲ್ಲ. ಚಮಚದಂಥ ಒಂದು ಭಾಗ ಎಣ್ಣೆಯನ್ನು ಎರಚುತ್ತದೆ, ಅಷ್ಟೆ. ತಿರುವಿನಲ್ಲಿ ಎಣ್ಣೆ ಒಂದು ಪಕ್ಕಕ್ಕೆ ಸರಿದರೆ ಚಮಚಕ್ಕೆ ಸಿಗದೆ ರಾಡು ಕಚ್ಚಿಕೊಳ್ಳುತ್ತದೆ. ಇಳಿಜಾರು ದಂಡೆಯಲ್ಲಿ ಓರೆಯಾಗಿ ಇಟ್ಟ ನಮ್ಮ ಪಂಪ್‌ಸೆಟ್ಟಿಗೂ ಇದೇ ಗತಿ.

ಕಣ್ಣಾರೆ ಕಂಡದ್ದು

ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಟೊಮೆಟೊ ಬೆಳೆಯ ರೋಗ ನೋಡಲು ಒಂದು ಹೊಲಕ್ಕೆ ಹೋಗಿದ್ದೆ. ಹಳ್ಳದ ದಂಡೆಯಲ್ಲಿ ಸಣ್ಣ ಎಂಜಿನ್ ನೀರೆತ್ತುತ್ತಿತ್ತು. ಅದರ ಕೂಗು ಎಂದಿನಂತಿಲ್ಲ ಎಂದು ಕಿವಿಗೆ ಬಿತ್ತು. ಆದರೆ ನಾನು ಬಂದದ್ದು ಎಲೆ ನೋಡಲು, ನೋಡಿ ಹೊರಟೆ. ಮರುದಿನ ಹಳ್ಳದ ನೀರು ತಗ್ಗಿ ಫುಟ್‌ವಾಲ್ವು ಗಾಳಿ ಎಳೆಯಿತು. ಪಂಪು ನೀರು ಬಿಟ್ಟಿತು, ಹೊರೆ ಒಮ್ಮೆಲೇ ಇಳಿಯಿತು. ಗವರ್ನರಿನ ಕಡ್ಡಿಯನ್ನು ತಂತಿಯಿಂದ ಬಿಗಿದಿದ್ದರಿಂದ ಕಾರ್ಬುರೇಟರಿನ ಬಾಗಿಲು ಮುಚ್ಚಲಿಲ್ಲ. ಎಂಜಿನ್ ಹುಚ್ಚು ಹಿಡಿದಂತೆ ಓಡಿ, ರಾಡು ಮುರಿದು, ಕ್ರ್ಯಾಂಕ್‌ಕೇಸನ್ನು ಒಡೆದು ಹೊರಬಂತು. ದಂಡೆಯ ಮೇಲಿದ್ದ ಹುಡುಗನ ಮೊಣಕಾಲಿನ ಪಕ್ಕದಲ್ಲೇ ಹಾದು ಹೋಯಿತಂತೆ.

‘ಎರಡು ಗಂಟೆ ಮುಂಚೆ ನೀರು ಮುಗೀಲಿ ಅಂತ ಕಟ್ಟಿದ್ದೆ, ಸಾರ್’ ಎಂದ ಆತ. ಅವನ ತಂದೆ ಮಾತಾಡಲಿಲ್ಲ. ಬೇರೆ ಎಂಜಿನ್ ಹೊಂದಿಸಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಕಾಯಿ ಹಿಡಿದ ಅರ್ಧ ಬೆಳೆ ಒಣಗಿತ್ತು. ಹಿಂದಿನ ದಿನ ನಾನು ನಾಲ್ಕು ಹೆಜ್ಜೆ ಇಟ್ಟು ಎಂಜಿನ್ ನೋಡಿದ್ದರೆ ಆ ತಂತಿ ಕಣ್ಣಿಗೆ ಬೀಳುತ್ತಿತ್ತು. ಅಂದಿನಿಂದ ಹೊಲಕ್ಕೆ ಹೋದಾಗ ಬೆಳೆಯ ಜೊತೆ ಎಂಜಿನ್ನನ್ನೂ ನೋಡುವ ರೂಢಿ ಮಾಡಿಕೊಂಡಿದ್ದೇನೆ.

ಪಂದ್ಯದವರು ರಾಡು, ಫ್ಲೈವೀಲು ಬದಲಿಸಿ, ತಲೆಗೆ ಹೆಲ್ಮೆಟ್ ಹಾಕಿ ಮಾಡುವ ಕೆಲಸವನ್ನು ನಾವು ಒಂದು ತುಂಡು ತಂತಿಯಿಂದ ಮಾಡಲು ಹೊರಡುತ್ತೇವೆ. ವ್ಯತ್ಯಾಸ ಇಷ್ಟೆ.

ಪುಲ್ಲಿಯ ಲೆಕ್ಕ

ಎಂಜಿನಿನ ವೇಗ ಹೆಚ್ಚಿಸದೆಯೂ ಚಕ್ರದ ವೇಗ ಹೆಚ್ಚಿಸಬಹುದು. ಎಂಜಿನಿನ ಪುಲ್ಲಿ 7.5 ಸೆಂ.ಮೀ., ಎದುರಿನದು 15 ಸೆಂ.ಮೀ. ಇದ್ದರೆ 3600 ಸುತ್ತು 1800 ಆಗುತ್ತದೆ. ಎಂಜಿನಿನ ಪುಲ್ಲಿಯನ್ನು 10 ಸೆಂ.ಮೀ. ಮಾಡಿದರೆ 2400 ಆಗುತ್ತದೆ. ವೇಗ ಮೂರನೆಯ ಒಂದು ಪಾಲು ಏರಿತು. ಆದರೆ ಎಳೆಯುವ ಬಲ ಕಾಲುಭಾಗ ಇಳಿಯಿತು. ಪುಕ್ಕಟೆ ಏನೂ ಸಿಗುವುದಿಲ್ಲ.

ಬೆಲ್ಟಿನಿಂದ ನಡೆಯುವ ಪಂಪಿನಲ್ಲಿ ಇದನ್ನು ಇನ್ನೂ ಎಚ್ಚರದಿಂದ ಮಾಡತಕ್ಕದ್ದು. ಸೆಂಟ್ರಿಫ್ಯೂಗಲ್ ಪಂಪಿನ ವೇಗವನ್ನು ನೂರಕ್ಕೆ 10ರಷ್ಟು ಏರಿಸಿದರೆ ನೀರು ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಬೇಕಾಗುವ ಶಕ್ತಿ ಮಾತ್ರ ನೂರಕ್ಕೆ 33ರಷ್ಟು ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು ಬೇಕು. ನೀರು ಸಾಲದಿದ್ದರೆ ಮೊದಲು ಫುಟ್‌ವಾಲ್ವಿನ ಕಸ, ಸೋರುವ ಗ್ಲ್ಯಾಂಡು, ಅನಾವಶ್ಯಕ ಬಾಗುಗಳಿರುವ ಪೈಪು ಇವನ್ನು ಪರೀಕ್ಷಿಸಬೇಕು.

ಕಸುವು ಉಳಿಸಿಕೊಳ್ಳಲು ಸಲಹೆಗಳು

ಓಟದವರೂ ಮೊದಲು ಮಾಡುವುದು ಇರುವ ಕಸುವನ್ನು ಪೂರ್ತಿ ಪಡೆಯುವ ಕೆಲಸ. ಇದು ಎಲ್ಲರಿಗೂ ಅನ್ವಯಿಸುತ್ತದೆ.

1. ಗಾಳಿ ಶೋಧಕವನ್ನು ಆಗಾಗ್ಗೆ ಸ್ವಚ್ಛಗೊಳಿಸಿರಿ. ಒಳಹೊಕ್ಕ ಧೂಳು ಸಿಲಿಂಡರನ್ನು ಮರಳು ಕಾಗದದಂತೆ ಉಜ್ಜುತ್ತದೆ. ಶೋಧಕ ತೆಗೆದು ಎಂದೂ ಓಡಿಸಬಾರದು.

2. ಪ್ರತಿದಿನ ಎಂಜಿನನ್ನು ಸಮತಟ್ಟಾಗಿ ಇಟ್ಟು ಎಣ್ಣೆಯ ಮಟ್ಟ ನೋಡಿರಿ. ನಾಲ್ಕು ಸ್ಟ್ರೋಕಿನ ಎಂಜಿನಿಗೆ ಸಾಮಾನ್ಯವಾಗಿ 50ರಿಂದ 100 ಗಂಟೆಗಳ ದುಡಿಮೆಗೊಮ್ಮೆ ಎಣ್ಣೆ ಬದಲಿಸಬೇಕಾಗುತ್ತದೆ. ಹೊಸ ಎಂಜಿನಿಗೆ ಮೊದಲ ಬದಲಾವಣೆ ಇನ್ನೂ ಬೇಗ ಬೇಕು.

3. ಸ್ಪಾರ್ಕ್ ಪ್ಲಗ್ಗಿನ ಅಂತರ ಹೆಚ್ಚಿನ ಮಾದರಿಗಳಲ್ಲಿ 0.7ರಿಂದ 0.8 ಮಿ.ಮೀ. ಇರುತ್ತದೆ. ವಾಲ್ವಿನ ಸಡಿಲವನ್ನು ಎಂಜಿನ್ ತಣ್ಣಗಿರುವಾಗ ಕೈಪಿಡಿಯಂತೆ ಸರಿಪಡಿಸಿರಿ.

4. ಹಗ್ಗವನ್ನು ಮೆಲ್ಲನೆ ಎಳೆದಾಗ ತಡೆ ಸಿಗದಿದ್ದರೆ ವಾಲ್ವು ಅಥವಾ ರಿಂಗು ಸವೆದಿರಬಹುದು. ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಇದನ್ನು ಗುಣಪಡಿಸಲು ಬಾರದು.

5. ಕೆಲಸ ಮುಗಿದು ತಿಂಗಳುಗಟ್ಟಲೆ ಇಡುವಾಗ ಟ್ಯಾಂಕು ಮತ್ತು ಕಾರ್ಬುರೇಟರನ್ನು ಬರಿದು ಮಾಡಿರಿ. ಹಳಸಿದ ಪೆಟ್ರೋಲ್ ಅಂಟಾಗಿ ಜೆಟ್ಟನ್ನು ಮುಚ್ಚುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನೂ ಹೀರುತ್ತದೆ. ಅಮೆರಿಕದ ಓಟದ ಸಂಘಕ್ಕೆ ಮೊದಲು ಬೆನ್ನಾಗಿ ನಿಂತದ್ದು ಪೆಟ್ರೋಲ್ ಹಳಸದಂತೆ ಬೆರೆಸುವ ದ್ರವ ತಯಾರಿಸುವ ಕಂಪನಿ ಎಂಬುದು ಇಲ್ಲಿ ಸ್ಮರಣೀಯ.

6. ಗವರ್ನರಿನ ಕಡ್ಡಿ, ಸ್ಪ್ರಿಂಗುಗಳ ಮೇಲಿನ ಮಣ್ಣು ತೆಗೆದು ಅವು ಸಲೀಸಾಗಿ ಆಡುವಂತೆ ನೋಡಿಕೊಳ್ಳಿರಿ. ತಂತಿ, ದಾರ, ರಬ್ಬರು ಯಾವುದನ್ನೂ ಅಲ್ಲಿಗೆ ಕಟ್ಟಬೇಡಿರಿ.

ಹೊರೆ ಎಳೆಯುವ ಎತ್ತಿನ ಮೂಗುದಾರವನ್ನು ಇಳಿಜಾರಿನಲ್ಲಿ ಬಿಚ್ಚಿ ಬಿಡುವ ರೈತನಿಲ್ಲ. ಇಂದೇ ನಿಮ್ಮ ಎಂಜಿನಿನ ಬಳಿ ಹೋಗಿ ನೋಡಿರಿ. ತಂತಿ ಕಂಡರೆ ಬಿಚ್ಚಿ, ಗವರ್ನರನ್ನು ತಿಳಿದ ಮೆಕ್ಯಾನಿಕ್ಕಿನಿಂದ ಸರಿಪಡಿಸಿಕೊಂಡೇ ಮತ್ತೆ ನೀರು ಹಾಯಿಸಿರಿ.