ಬೇಸಿಗೆಯ ಸಾಹಸ ಪ್ರವಾಸ ಮತ್ತು ಕಾರ್ಖಾನೆಯ ರಜೆ ಲೆಕ್ಕ

ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತಿದ್ದಂತೆ ಕಾಡುಗೋಡಿ, ವೈಟ್‌ಫೀಲ್ಡ್ ಭಾಗದ ಸಣ್ಣ ಕೈಗಾರಿಕಾ ಘಟಕಗಳಲ್ಲಿ ರಜೆ ಅರ್ಜಿಗಳ ಕಾಲ ಆರಂಭವಾಗುತ್ತದೆ. ಊರ ಜಾತ್ರೆ, ಮದುವೆ, ಗೃಹಪ್ರವೇಶಗಳ ಜೊತೆಗೆ ಈಗ ದಾಂಡೇಲಿಯ ಕಾಳಿ ನದಿಯ ರ‍್ಯಾಫ್ಟಿಂಗ್, ಹಿಮಾಲಯದ ಚಾರಣಗಳೂ ಅರ್ಜಿಯಲ್ಲಿ ಕಾರಣಗಳಾಗಿ ಸೇರಿವೆ. ಇದನ್ನು ಶಿಸ್ತಿನ ಪ್ರಶ್ನೆಯೆಂದು ಬಗೆದು ನಿರಾಕರಿಸುವ ಉದ್ದಿಮೆದಾರರಿದ್ದಾರೆ. ವಾಸ್ತವವಾಗಿ ಇದು ಯೋಜನೆಯ ಪ್ರಶ್ನೆ.

ರಜೆಯ ಗಣಿತ

ಕಾರ್ಖಾನೆಗಳ ಅಧಿನಿಯಮ, 1948ರ ಪ್ರಕಾರ ವರ್ಷಕ್ಕೆ 240 ದಿನ ದುಡಿದ ಕಾರ್ಮಿಕನಿಗೆ ಪ್ರತಿ 20 ದಿನಗಳಿಗೆ ಒಂದು ದಿನದಂತೆ ವೇತನ ಸಹಿತ ರಜೆಯ ಹಕ್ಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಈ ಅರ್ಹತೆಯನ್ನು 180 ದಿನಗಳಿಗೆ ಇಳಿಸಿದೆ.

ಉದಾಹರಣೆಗೆ, 20 ಕಾರ್ಮಿಕರಿರುವ ಒಂದು ಘಟಕವನ್ನು ಪರಿಗಣಿಸಬಹುದು. ತಲಾ 300 ದಿನ ದುಡಿದರೆ ಒಬ್ಬೊಬ್ಬರಿಗೆ 15 ದಿನ, ಒಟ್ಟು 300 ಮಾನವ ದಿನಗಳ ರಜೆ. ಅದರಲ್ಲಿ ಅರ್ಧದಷ್ಟು, ಅಂದರೆ 150 ದಿನಗಳು, ಏಪ್ರಿಲ್–ಮೇ ತಿಂಗಳ ಸುಮಾರು 50 ಕೆಲಸದ ದಿನಗಳಲ್ಲೇ ಬಂದವೆಂದುಕೊಂಡರೂ, ಸರದಿಯಂತೆ ಹಂಚಿದಾಗ ದಿನಕ್ಕೆ ಮೂವರು ಮಾತ್ರ ಗೈರುಹಾಜರಾಗುತ್ತಾರೆ. ಹದಿನೇಳು ಜನರಿಂದ ಉತ್ಪಾದನೆ ಸಾಗಿಸಬಹುದು. ಸರದಿ ಇಲ್ಲದೆ ಒಂದೇ ವಾರ ಎಂಟು ಜನ ಹೊರಟರೆ ಮಾತ್ರ ಯಂತ್ರಗಳು ನಿಲ್ಲುತ್ತವೆ, ಸರಬರಾಜಿನ ವಾಯಿದೆ ತಪ್ಪುತ್ತದೆ.

ರಜೆ ಕೊಡದಿರುವುದು ಉಳಿತಾಯವೂ ಅಲ್ಲ. ಬಳಸದ ರಜೆ ಲೆಕ್ಕಪತ್ರಗಳಲ್ಲಿ ಹೊಣೆಯಾಗಿ ಬೆಳೆಯುತ್ತದೆ. ರಜೆ ನಗದೀಕರಣಕ್ಕೆಂದು ಕಾದಿರಿಸಿದ ಮೊತ್ತವು ವಾಸ್ತವವಾಗಿ ಪಾವತಿಯಾಗುವವರೆಗೆ ಆದಾಯ ತೆರಿಗೆಯಲ್ಲಿ ಖರ್ಚೆಂದು ಮಾನ್ಯವಾಗುವುದಿಲ್ಲ. ಈ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಎತ್ತಿಹಿಡಿದಿದೆ.

ತೆರಿಗೆಯ ಗಡುವುಗಳು

ಮಾಲೀಕರು ಮತ್ತು ಲೆಕ್ಕ ವಿಭಾಗದವರು ತಮ್ಮ ಪ್ರವಾಸವನ್ನು ಗಡುವುಗಳ ನಡುವೆ ಹೊಂದಿಸಿಕೊಳ್ಳಬೇಕು. ಮಾಸಿಕ ವಿವರಣೆ ಸಲ್ಲಿಸುವವರಿಗೆ ಜಿಎಸ್‌ಟಿಆರ್-1 ತಿಂಗಳ 11ಕ್ಕೆ, ಜಿಎಸ್‌ಟಿಆರ್-3ಬಿ 20ಕ್ಕೆ. ಭವಿಷ್ಯನಿಧಿ ಮತ್ತು ಇಎಸ್‌ಐ ವಂತಿಗೆ 15ಕ್ಕೆ. ಮಾರ್ಚ್ ತಿಂಗಳ ಟಿಡಿಎಸ್ ಪಾವತಿಗೆ ಏಪ್ರಿಲ್ 30, ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರಣೆಗೆ ಮೇ 31 ಕೊನೆಯ ದಿನ. ಏಪ್ರಿಲ್ 20ರೊಳಗೆ ಮಾರ್ಚ್ ತಿಂಗಳ ಟಿಡಿಎಸ್ಸನ್ನೂ ಕಟ್ಟಿಬಿಟ್ಟರೆ ಮೇ 7ರ ಮುಂದಿನ ಟಿಡಿಎಸ್ ಪಾವತಿಯವರೆಗೆ ಎರಡು ವಾರಗಳ ಬಿಡುವು ದೊರೆಯುತ್ತದೆ. ಹಿಮಾಲಯ ಚಾರಣಕ್ಕೆ ಬೇಕಾಗುವ ಹತ್ತು–ಹನ್ನೆರಡು ದಿನಗಳು ಇದರಲ್ಲಿ ಅಡಕವಾಗುತ್ತವೆ. ಜಿಎಸ್‌ಟಿ ಪಾವತಿ ತಡವಾದರೆ ವಾರ್ಷಿಕ ಶೇ. 18ರ ಬಡ್ಡಿ ತೆರಬೇಕೆಂಬುದನ್ನು ಮರೆಯುವಂತಿಲ್ಲ.

ಹತ್ತಿರದ ಬೆಟ್ಟ, ದೂರದ ಹಿಮ

ಎಲ್ಲ ಸಾಹಸಕ್ಕೂ ದೀರ್ಘ ರಜೆ ಬೇಕಿಲ್ಲ. ಕಾಡುಗೋಡಿಯಿಂದ ಹೊಸಕೋಟೆಯ ಮಾರ್ಗವಾಗಿ ಕೋಲಾರದ ಅಂತರಗಂಗೆಗೆ ಭಾನುವಾರ ಬೆಳಗಿನ ಜಾವ ಹೊರಟರೆ ಬಂಡೆ, ಗುಹೆಗಳನ್ನು ಹತ್ತಿಳಿದು ಅಂದೇ ಮನೆ ಸೇರಬಹುದು. ಪಶ್ಚಿಮ ಘಟ್ಟದ ಕುಮಾರಪರ್ವತದಂತಹ ಕೆಲವು ಚಾರಣ ಮಾರ್ಗಗಳನ್ನು ಕಾಡ್ಗಿಚ್ಚಿನ ಭೀತಿಯಿಂದ ಬೇಸಿಗೆಯಲ್ಲಿ ಮುಚ್ಚುವ ವಾಡಿಕೆಯಿದೆ. ರಜೆ ಮಂಜೂರಾತಿಗೆ ಮುನ್ನ ಅರಣ್ಯ ಇಲಾಖೆಯ ಅನುಮತಿಯನ್ನು ಖಚಿತಪಡಿಸಿಕೊಳ್ಳುವುದು ಲೇಸು.

ಅಪಾಯದ ಅರಿವೂ ಇರಬೇಕು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ತೆರಳಿದ್ದ 22 ಜನರ ತಂಡ ಹಿಮಗಾಳಿಗೆ ಸಿಲುಕಿ, ಒಂಬತ್ತು ಮಂದಿ ಮೃತರಾದರು. ತಂಡದಲ್ಲಿ ಕರ್ನಾಟಕದವರೇ ಹೆಚ್ಚಿದ್ದರು. ಎತ್ತರದ ಪ್ರದೇಶದಲ್ಲಿ ಹವಾಮಾನ ಕೆಟ್ಟರೆ ಒಂದೆರಡು ದಿನ ಕಾಯಲೇಬೇಕಾಗುತ್ತದೆ. ರಜೆ ಮುಗಿಯಿತೆಂಬ ಆತುರ ಅಲ್ಲಿ ಪ್ರಾಣಾಂತಿಕವಾದೀತು. ಆದ್ದರಿಂದ ಇಂತಹ ಪ್ರವಾಸಕ್ಕೆ ಎರಡು ದಿನ ಹೆಚ್ಚುವರಿ ರಜೆಯನ್ನು ಮೊದಲೇ ಮಂಜೂರು ಮಾಡುವುದು ವಿವೇಕ. ಹೊರಡುವವರು ವೈಯಕ್ತಿಕ ಅಪಘಾತ ವಿಮೆಯಲ್ಲಿ ಸಾಹಸ ಚಟುವಟಿಕೆಗಳು ಸೇರಿವೆಯೇ ಎಂಬುದನ್ನು ಓದಿ ನೋಡಬೇಕು.

ಮಾಲೀಕರಿಗೂ ರಜೆ

ಫೆಬ್ರವರಿಯಲ್ಲೇ ರಜೆ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಿ, ಪ್ರತಿ ಯಂತ್ರಕ್ಕೂ ಎರಡನೆಯ ನಿರ್ವಾಹಕನನ್ನು ತರಬೇತುಗೊಳಿಸಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಇನ್ನರ್ಧ ಮಾಲೀಕರ ಕೈಯಲ್ಲಿದೆ. ಚೆಕ್ಕಿನ ಸಹಿ, ಬ್ಯಾಂಕಿನ ಪಾಸ್‌ವರ್ಡ್, ಜಿಎಸ್‌ಟಿ ಒಟಿಪಿ ಎಲ್ಲವೂ ಒಬ್ಬರ ಬಳಿಯೇ ಇದ್ದರೆ ಅವರು ಬೆಟ್ಟ ಹತ್ತಿದರೂ, ಹಾಸಿಗೆ ಹಿಡಿದರೂ ವ್ಯವಹಾರ ನಿಲ್ಲುತ್ತದೆ. ಎರಡನೆಯ ಅಧಿಕೃತ ಸಹಿದಾರರನ್ನು ನೇಮಿಸಿ ಹತ್ತು ದಿನ ದೂರವಿದ್ದು ನೋಡುವುದು ಉದ್ದಿಮೆಯ ಬಲವನ್ನು ಅಳೆಯುವ ಅಗ್ಗದ ಪರೀಕ್ಷೆ.